ಹಾರ್ಕ್‌ಬೆಕ್ ಕವಾಯತು ಭವನಕ್ಕೆ ಸುಳ್ಳು ಚರಿತ್ರೆ ಬರೆಸಿದವರಿಗೆ

ಮಾನ್ಯ ಆಸ್ತಿ ವಿಭಾಗದ ಮುಖ್ಯಾಧಿಕಾರಿಗಳೇ,

ನಮ್ಮೂರಿನ ಕವಾಯತು ಭವನದ ಗೋಡೆಗೆ ನೀವು ಹೊಡೆಸಿರುವ ಹಿತ್ತಾಳೆ ಫಲಕವನ್ನು ಈಗಷ್ಟೇ ಓದಿ ಬಂದೆ. "೧೮೮೭ರಲ್ಲಿ ಕಟ್ಟಿದ್ದು. ೧೯೬೭ರಲ್ಲಿ ಸೇನೆ ಬಿಟ್ಟುಹೋದ ಮೇಲೆ ಖಾಲಿ ಬಿದ್ದಿತ್ತು." ಇರುವುದೇ ಎರಡು ಸಾಲು, ಅದರಲ್ಲಿ ಒಂದು ಹಸಿಸುಳ್ಳು. ನಗರಸಭೆಯಲ್ಲಿ ಅರ್ಧ ಸತ್ಯ ಹೇಳಿದರೂ ತೇರ್ಗಡೆ ಮಾಡುತ್ತಾರೆಯೇ? ನಾನು ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸಿಕೊಂಡಿದ್ದವಳು, ನನಗೆ ಗೊತ್ತಿಲ್ಲ.

ಗೊತ್ತಿರುವುದನ್ನು ಹೇಳುತ್ತೇನೆ, ಕೇಳಿ. ಗಿರಣಿ ಮಾಲೀಕ ಏಮಸ್ ಕ್ರಾಸ್‌ತ್‌ವೇಟ್ ಈ ಜಾಗವನ್ನು ಊರಿಗೆ ಕೊಟ್ಟಾಗ ಪತ್ರದಲ್ಲಿ ಒಂದು ಷರತ್ತು ಬರೆಸಿದ. ಊರಿನವರು ವಾರಕ್ಕೊಮ್ಮೆಯಾದರೂ ಒಳಗೆ ಕವಾಯತು ಮಾಡಬೇಕು. ಒಂದು ವರ್ಷ ಪೂರ್ತಿ ನಿಂತುಹೋದರೆ ಜಾಗ ಅವನ ವಂಶದವರಿಗೆ ವಾಪಸ್ಸು. ೧೯೧೫ರ ವಸಂತದಲ್ಲಿ ನಮ್ಮ ಗಂಡಸರೆಲ್ಲ ಫ್ರಾನ್ಸಿನ ಕಂದಕಗಳಲ್ಲಿದ್ದರು. ಭವನದಲ್ಲಿ ಹೆಜ್ಜೆ ಹಾಕಲು ಒಂದು ನರಪಿಳ್ಳೆ ಇರಲಿಲ್ಲ. ಆಗ ನೂಲುವ ಹೆಂಗಸರು ಗಿರಣಿಯಿಂದ ನೇರವಾಗಿ ಬಂದು, ಬಂದೂಕಿನ ಬದಲು ಪೊರಕೆ ಹೆಗಲಿಗೇರಿಸಿ, ಸಾಲಾಗಿ ನಿಂತರು. ಹೋದವರು ಬಂದಾಗ ಅವರ ಜಾಗ ಅವರಿಗಿರಲಿ ಎಂದು. ಹೋದವರು ಅರವತ್ತೆರಡು ಮಂದಿ, ಬಂದವರು ಇಪ್ಪತ್ತಮೂರು. ಹೆಂಗಸರು ಮಾತ್ರ ಕವಾಯತು ನಿಲ್ಲಿಸಲಿಲ್ಲ. ಸೇನೆ ಹೋಯಿತು, ಗಿರಣಿ ಮುಚ್ಚಿತು, ಆದರೂ ಪ್ರತಿ ಮಂಗಳವಾರ ಎರಡು ಗಂಟೆಗೆ ಕಾಲು ಗಂಟೆ ಪೊರಕೆ ಕವಾಯತು, ಆಮೇಲೆ ಚಹಾ, ಶುಂಠಿ ಕೇಕು. ನಿಮ್ಮ 'ಖಾಲಿ' ಎಂದರೆ ಇದೇನಾ ಸ್ವಾಮಿ?

ಹೋದ ವರ್ಷ ಫೆಬ್ರವರಿಯಲ್ಲಿ ನೀವೇ ಖುದ್ದಾಗಿ ಬಂದು ಬೀಗ ಜಡಿದಿರಿ. ನೀವು ಭವನವನ್ನು ಮಾರಲು ಹೊರಟಿದ್ದ ಬಿಲ್ಡರನಿಗೆ ಖಾಲಿ ಕಟ್ಟಡ ಬೇಕಾಗಿತ್ತು. ಆ ದಿನ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದವಳು ನನ್ನ ಸೋದರತ್ತೆ ಎನಿಡ್. ತೊಂಬತ್ತೊಂದು ವರ್ಷ, ಅದರಲ್ಲಿ ನಲವತ್ತು ವರ್ಷ ನಮಗೆ ಆಜ್ಞೆ ಕೂಗಿದವಳು.

"ಬಾಗಿಲು ತೆಗಿಯಪ್ಪಾ, ಎರಡು ಗಂಟೆ ಆಯ್ತು," ಎಂದಳು.

"ನೆಲದ ಹಲಗೆ ಸಡಿಲ ಆಗಿದೆ ಅಜ್ಜೀ. ಬಿದ್ದು ಸೊಂಟ ಮುರ್ಕೊಂಡ್ರೆ ಯಾರು ಹೊಣೆ?"

"ನನ್ನ ಸೊಂಟಕ್ಕೆ ನಾನೇ ಹೊಣೆ. ಇಷ್ಟು ವರ್ಷ ನಿಮ್ಮಪ್ಪ ಬಂದು ನೋಡ್ಕೊಂಡ್ನಾ?"

ನಾವೆಲ್ಲ ನಕ್ಕೆವು. ನಿಮಗೆ ಮುಖಭಂಗವಾಯಿತು. ಆಗ ನೀವು ಹೇಳಿದ್ದು ನೆನಪಿದೆಯೇ? "ಪೊರಕೆ ಹಿಡ್ಕೊಂಡು ಅತ್ತಿಂದಿತ್ತ ಓಡಾಡಿದ್ರೆ ಕವಾಯತು ಆಗಲ್ಲಜ್ಜೀ. ಮನೇಲಿ ಕಸ ಗುಡಿಸ್ಕೊಳ್ಳಿ, ಅಷ್ಟು ಸಾಕು." ಅತ್ತೆ ಪೊರಕೆ ಹೆಗಲಿಗೇರಿಸಿಕೊಂಡು ಮನೆ ಕಡೆ ಹೊರಟಳು. 

ನಮ್ಮಲ್ಲಿ ಒಂದು ಪದ್ಧತಿಯಿದೆ. ಆಜ್ಞೆ ಕೂಗುವವಳು ಆ ಕೆಲಸ ಬಿಡುವಾಗ ಭವನದ ನಡುಮಧ್ಯೆ ನಿಲ್ಲಬೇಕು. ಹೊಸಬಳು ಅವಳಿಗೆ "ಇನ್ನು ನೀವು ಹೊರಡಬಹುದು" ಎಂದು ಆಜ್ಞೆ ಕೊಡಬೇಕು. ಜೀವನದಲ್ಲಿ ಅವಳು ಪಾಲಿಸುವ ಕೊನೆಯ ಆಜ್ಞೆ ಅದು. ಮಾರ್ಚಿನ ಮಂಗಳವಾರಕ್ಕೆ ಅತ್ತೆ ಅದನ್ನು ಗೊತ್ತುಮಾಡಿದ್ದಳು. ಆಜ್ಞೆ ಕೊಡಬೇಕಾಗಿದ್ದವಳು ನಾನು. ನೀವು ಕಾಲು ಗಂಟೆಯ ಮಟ್ಟಿಗೂ ಬಾಗಿಲು ತೆಗೆಯಲಿಲ್ಲ. ಏಳು ಸಲ ಬರೆದೆವು, ಏಳು ಸಲವೂ "ಪರಿಶೀಲನೆಯಲ್ಲಿದೆ". ಅಷ್ಟರಲ್ಲಿ ಅತ್ತೆ ಆಸ್ಪತ್ರೆ ಸೇರಿದಳು. ಅಲ್ಲಿ ಪ್ರತಿ ಮಂಗಳವಾರ ಅವಳದು ಒಂದೇ ಪ್ರಶ್ನೆ: "ತೆಗೆದ್ರೇನೇ?" "ಮುಂದಿನ ವಾರ ತೆಗೀತಾರಂತೆ ಅತ್ತೇ," ಅನ್ನುತ್ತಿದ್ದೆ. ಜನವರಿಯಲ್ಲಿ ಹೋಗಿಬಿಟ್ಟಳು. ಸಾಯುವವಳ ಮುಂದೆ ನನ್ನಿಂದ ವಾರ ವಾರ ಸುಳ್ಳು ಹೇಳಿಸಿದಿರಲ್ಲ, ಅದನ್ನು ನಾನು ಮರೆಯುವುದಿಲ್ಲ. ಕ್ಷಮಿಸುವ ದೊಡ್ಡ ಗುಣವೂ ನನಗಿಲ್ಲ.

ಈಗ ನಿಮಗೊಂದು ಸಿಹಿಸುದ್ದಿ. ಕಟ್ಟಡ ಖಾಲಿಯೇ ಇದೆಯೆಂದು ಬಿಲ್ಡರನನ್ನು ನಂಬಿಸಲು ನೀವೊಂದು ದೃಢೀಕರಣ ಪತ್ರ ಕೊಟ್ಟಿದ್ದೀರಿ: "ಬೀಗ ಹಾಕಿದಂದಿನಿಂದ ಹದಿನಾಲ್ಕು ತಿಂಗಳು ಒಳಗೆ ಯಾವುದೇ ಕವಾಯತು ನಡೆದಿಲ್ಲ." ಕೆಳಗೆ ನಿಮ್ಮ ಸಹಿ, ಮೊಹರು. ಸ್ವಾಮಿ, ಕ್ರಾಸ್‌ತ್‌ವೇಟನ ಷರತ್ತನ್ನು ನೀವು ಓದಲೇ ಇಲ್ಲವೇ? ನೂರು ಚಿಲ್ಲರೆ ವರ್ಷ ಯಾವ ಯುದ್ಧಕ್ಕೂ ಮುರಿಯದ ಷರತ್ತನ್ನು ನೀವೇ ಕೈಯಾರೆ ಮುರಿದು, ಸಾಕ್ಷಿಯನ್ನೂ ಬರೆದುಕೊಟ್ಟಿದ್ದೀರಿ! ನಮ್ಮ ವಕೀಲೆ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡಳು. ಷರತ್ತಿನ ಪ್ರಕಾರ ಜಾಗ ಈಗ ಕ್ರಾಸ್‌ತ್‌ವೇಟನ ಮರಿಮಗಳು ಹಿಲರಿಯದು, ಅವಳಿರುವುದು ನ್ಯೂಜಿಲೆಂಡಿನಲ್ಲಿ. ಫೋನ್ ಮಾಡಿದೆ.

"ನನಗ್ಯಾಕಮ್ಮಾ ಆ ಜಾಗ? ಇಲ್ಲಿ ನನಗೆ ಎರಡು ಸಾವಿರ ಕುರಿ ಇವೆ, ಸಾಕು. ನೀವೇ ಇಟ್ಕೊಳ್ಳಿ," ಎಂದಳು. ಆಮೇಲೆ ಮೆಲ್ಲಗೆ, "ಆ ಮನುಷ್ಯನ್ನ ಮಾತ್ರ ಸುಮ್ನೆ ಬಿಡಬೇಡಿ," ಎಂದಳು.

ಬಿಡುವುದಿಲ್ಲ. ದಾನಪತ್ರಕ್ಕೆ ನಿನ್ನೆ ಸಹಿಯಾಯಿತು. ಬಿಲ್ಡರನಿಗೆ ಏನು ಹೇಳುತ್ತೀರೋ ಅದು ನಿಮ್ಮ ಪಾಡು. ನಮ್ಮ ಬೇಡಿಕೆ ಒಂದೇ. ಆ ಫಲಕವನ್ನು ಕೀಳಿಸಿ ಹೊಸದು ಹಾಕಿಸಿ. ಅದರ ಮೇಲೆ ಹೀಗಿರಲಿ: "೧೮೮೭ರಿಂದ ಈ ಭವನ ಹದಿನಾಲ್ಕು ತಿಂಗಳು ಮಾತ್ರ ಖಾಲಿ ಇತ್ತು. ಆ ಅವಧಿಯಲ್ಲಿ ಎನಿಡ್ ಬ್ಯಾರಕ್ಲಫ್ ತೀರಿಕೊಂಡರು. ಬೀಗದ ಕೈ ನನ್ನ ಬಳಿ ಇತ್ತು." ಈ ಪತ್ರದಲ್ಲಿ ನಾನು ನಿಮ್ಮ ಹೆಸರೆತ್ತಿಲ್ಲ. ಅಲ್ಲಿ, ಆ ಮೂರನೇ ಸಾಲಿನ ಕೆಳಗೆ, ನೀವೇ ಪೂರ್ತಿ ಹೆಸರು ಕೆತ್ತಿಸಬೇಕು.

ಇಂತಿ,
ಕೊಡಬೇಕಾದ ಆಜ್ಞೆಯನ್ನು ಬಾಯಲ್ಲೇ ಉಳಿಸಿಕೊಂಡ
ಮ್ಯೂರಿಯಲ್ ಬ್ಯಾರಕ್ಲಫ್