ಅಂಬಿಗನಿಗೆ ಇಳಿ ಎನ್ನುವವರು

ಖಾನಾಪುರ, ಶ್ರಾವಣ, ೧೯೮೧

ಪರಸುವಿನ ಅಪ್ಪನವರಿಗೆ,

ನಿಮ್ಮ ಮಗನಿಗೆ ನಿಮ್ಮದೇ ಮೊಂಡುತನ ಬಂದಿದೆ. ಇವತ್ತು ಅವನ ದೋಣಿ ಮಲಪ್ರಭೆಯ ನಡುವಿನ ಬಂಡೆಗೆ ಹತ್ತಿ ಕೂತಿತು. ಒಳಗೆ ಸಂತೆಗೆ ಹೊರಟ ಜನ, ಸುತ್ತ ಏರುವ ನೀರು. ಬೆಳಗಾವಿಯಿಂದ ಬೆಂಕಿ ಆರಿಸುವವರ ಗಾಡಿ ಬಂತು. ಅವರ ಸಾಹೇಬರು ಹಗ್ಗ ಎಸೆದು, "ಲಗೂನ ಇಳೀರಿ" ಎಂದು ಕೂಗಿದರು.

"ನಾ ಹೇಳೂತನಕ ಯಾರೂ ಏಳಬ್ಯಾಡ್ರಿ, ದೋಣಿ ಮಗುಚತೈತಿ" ಎಂದ ಪರಸು.

ಅಂಬಿಗ ಹೇಳದೆ ಇಳಿಯಬಾರದೆಂದು ಊರಿಗೆಲ್ಲ ಕಲಿಸಿದವರು ನೀವೇ ಅಲ್ಲವೆ? ಒಬ್ಬರೂ ಅಲುಗಲಿಲ್ಲ.

ಸಾಹೇಬರು ಸಿಟ್ಟು ನುಂಗಿ, "ಹಂಗಾರ ನೀನ ಹೇಳಪಾ, ನಾವು ಎಳಕೋತೀವಿ" ಎಂದರು. ಪರಸು ಒಬ್ಬೊಬ್ಬರನ್ನೇ ಕಳಿಸಿದ. ಎಲ್ಲರೂ ದಡ ಸೇರಿದ ಮೇಲೂ ತಾನು ಹುಟ್ಟು ಹಿಡಿದು ಕೂತ.

"ನೀನೂ ಬಾರೋ!"

"ಅಂಬಿಗ ದೋಣಿ ಬಿಡೂದಿಲ್ರೀ. ನಮ್ಮಪ್ಪನೂ ಬಿಡಲಿಲ್ಲ."

ನಾನು ಕೆಸರಿಗಿಳಿದು, "ಏ ಪರಸ್ಯಾ, ಅಪ್ಪನ ಸುದ್ದಿ ಎತ್ತಬ್ಯಾಡ! ಇಳಿತೀಯೋ, ನಾನ ಬರಲ್ಯೋ?" ಎಂದು ಊರು ಕೇಳುವ ಹಾಗೆ ಕೂಗಿದೆ. ಇಳಿದ. ದೋಣಿ ಹೋಯಿತು. ಈಗ ಮೊಮ್ಮಕ್ಕಳು ಅವನ ಕಾಲಿಗೆ ಜೋತುಬಿದ್ದಿದ್ದಾರೆ.

ನೀವು ದೋಣಿಯ ಜೊತೆ ಹೋದ ದಿನವೂ ನಾನು ಇದೇ ದಡದಲ್ಲಿದ್ದೆ. ಇಷ್ಟುದ್ದ ನಾಲಿಗೆಯವಳು, ಗಂಡನ ಹೆಸರು ಹಿಡಿಯಬಾರದೆಂದು ಬರೀ "ರೀ, ರೀ" ಎಂದೆ. ಹೊಳೆಯ ಸದ್ದಿನಲ್ಲಿ ಯಾರ ರೀ ಯಾರಿಗೆ ಕೇಳಬೇಕು?

ಭರಮಪ್ಪಾ, ಇಳೀರಿ.