ಮುಟ್ಟದೆ ಮರಳಿದ ಡಬರಿ

ಮೂರನೇ ದಡ,
ಬೂದಿಗಾಳಿ ನಿಂತ ಮೇಲಿನ ಮೊದಲ ಹುಣ್ಣಿಮೆ.
ನಿಮ್ಮ ಲೆಕ್ಕದಲ್ಲಿ ಕ್ರಿ.ಶ. ೨೩೯೧, ನಮ್ಮ ಲೆಕ್ಕದಲ್ಲಿ ಹದಿನಾಲ್ಕನೆಯ ತಿಂಗಳು.

ಗಂಜಿ ಉಣ್ಣುವವರಿಗೆ,

ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಹೀಗೆ ಬರೆದಿದ್ದೇನೆ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಬರಹವನ್ನು ನಾನು ಕಲಿತದ್ದು ಒಂದು ಗೋಡೆಯಿಂದ ಮತ್ತು ಬೆಲ್ಲ ಸುತ್ತಿ ಬಂದ ಕಾಗದದ ಚೂರುಗಳಿಂದ. ಹಾಗಾಗಿ ಕೆಲವು ಕಡೆ ಜಾಹೀರಾತಿನಂತೆ, ಕೆಲವು ಕಡೆ ಶ್ರದ್ಧಾಂಜಲಿಯಂತೆ ಕಂಡರೆ ಕ್ಷಮಿಸಿ. ತಿಂಗಳುಗಳು ಹದಿನಾಲ್ಕಾದದ್ದು ಹೇಗೆಂದು ವಿವರಿಸಲು ವ್ಯವಧಾನವಿಲ್ಲ. ನಾಳೆ ನಡುಮಧ್ಯಾಹ್ನ ಈ ಪತ್ರ ನುಚ್ಚು ತುಂಬಿದ ಡಬರಿಯ ಕೆಳಗಿರಬೇಕು.

ನಮ್ಮ ಊರನ್ನು ಮೂರನೇ ದಡ ಎನ್ನುತ್ತಾರೆ. ನೀರು ಎರಡು ಸಲ ಮೇಲೇರಿ ಎರಡು ದಡಗಳನ್ನು ನುಂಗಿದ ಮೇಲೆ ಜನ ಬಂದು ನಿಂತ ಕಲ್ಲುದಿಬ್ಬ ಇದು. ಇಲ್ಲಿ ನಿಮ್ಮ ಕಾಲದ್ದೆಂದು ಉಳಿದಿರುವುದು ಒಂದೇ ಕಟ್ಟಡ. ಹಿಂದೆ ಶಾಲೆಯಾಗಿದ್ದಿರಬೇಕು. ಅದರ ಅಡಿಗೆಕೋಣೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ‘ಗಂಜಿ ಕೇಂದ್ರ’ ಎಂದು ಬರೆದಿದೆ, ಅದರ ಕೆಳಗೆ ‘ದಾನಿಗಳು’ ಎಂದು ಒಂದಷ್ಟು ಹೆಸರುಗಳಿವೆ. ಕೊಟ್ಟವರ ಹೆಸರನ್ನು ಗೋಡೆಯ ಮೇಲೆ ಬರೆಯುವುದೇಕೆ ಎಂದು ನಮ್ಮ ಮಕ್ಕಳು ಕೇಳುತ್ತಾರೆ. ನಮ್ಮಲ್ಲಿ ಕೊಟ್ಟವರು ಬೆನ್ನು ತಿರುಗಿಸಿ ಹೊರಗೆ ಬರುತ್ತಾರೆ, ಅಷ್ಟೇ.

ಈ ಪದ್ಧತಿ ಯಾವಾಗ ಮೊದಲಾಯಿತೋ ಹೇಳಲಾರೆ. ಹುಣ್ಣಿಮೆಯ ಮರುದಿನ, ನೆರಳು ಕಾಲಡಿಗೆ ಬರುವ ಹೊತ್ತಿಗೆ, ಪಾಳಿ ಬಂದ ಮನೆಯವರು ಒಂದು ಡಬರಿ ತುಂಬ ಜೋಳದ ನುಚ್ಚು ಬೇಯಿಸಿ, ಎಲೆ ಮುಚ್ಚಿ, ಆ ಕೋಣೆಯಲ್ಲಿಟ್ಟು ಬಾಗಿಲು ಹಾಕುತ್ತಾರೆ. ನೆರಳು ಹೊಸ್ತಿಲು ದಾಟಿದ ಮೇಲೆ ತೆಗೆಯುತ್ತಾರೆ. ಡಬರಿ ತೊಳೆದಿರುತ್ತದೆ. ಒಳಗಡೆ ನೀರಿನ ಹನಿ ಇನ್ನೂ ಆರಿರುವುದಿಲ್ಲ. ತಳದಲ್ಲಿ ಕರಿ ಎರೆಮಣ್ಣಿನ ಕೆಸರು ಅಂಟಿರುತ್ತದೆ. ಈ ದಿಬ್ಬದ ಮೇಲೆ ಎರೆಮಣ್ಣಿಲ್ಲ. ನಮಗೆ ಗೊತ್ತಿರುವ ಎರೆಮಣ್ಣೆಲ್ಲ ನೀರಿನ ತಳದಲ್ಲಿದೆ.

ಇಷ್ಟೇ ಆಗಿದ್ದರೆ ನಾವು ಹೆದರಿ ನಿಲ್ಲಿಸಿಬಿಡುತ್ತಿದ್ದೆವೇನೋ. ಆದರೆ ನೆರೆಮನೆಯ ಪಾತ್ರೆಯನ್ನು ಖಾಲಿ ಮರಳಿಸಬಾರದೆಂಬ ನಡತೆ ನಿಮ್ಮಲ್ಲೂ ಇತ್ತು, ನಮ್ಮಲ್ಲೂ ಇದೆ. ತೊಳೆದ ಡಬರಿಯಲ್ಲಿ ಪ್ರತಿ ಸಲವೂ ಏನಾದರೊಂದು ಇರುತ್ತಿತ್ತು: ಒಂದು ಹಿಡಿ ಉಪ್ಪು, ಕರಿಬೇವಿನ ಕಡ್ಡಿ, ಒಮ್ಮೆ ದಾರ ಪೋಣಿಸಿದ ಸೂಜಿ. ಬೆಲ್ಲವೆಂದರೇನೆಂದು ನಮಗೆ ಗೊತ್ತಾದದ್ದೇ ಹೀಗೆ. ಅದನ್ನು ಸುತ್ತಿದ ಕಾಗದದ ಮೇಲೆ ನಿಮ್ಮ ಇಸವಿ ಇತ್ತು, ಪ್ರವಾಹದ ಸುದ್ದಿ ಇತ್ತು. ಒದ್ದೆಯಾಗಿತ್ತು. ಉಣ್ಣುತ್ತಿರುವವರು ನಮ್ಮ ಹಿಂದಿನವರು ಎಂದು ಆ ದಿನ ಊರಿಗೆ ತಿಳಿಯಿತು. ಬೆಲ್ಲವನ್ನು ಕಲ್ಲಿನಲ್ಲಿ ಕುಟ್ಟಿ ಎಲ್ಲರ ನಾಲಿಗೆಗೂ ಹಚ್ಚಿದರು.

ಈ ವರ್ಷ ಬೂದಿಗಾಳಿ ಬೀಸಿತು. ನೀರಿನಾಚೆ ಎಲ್ಲಿಂದಲೋ ಬರುವ ಬಿಳಿ ಪುಡಿ ಅದು. ಬಿದ್ದಲ್ಲಿ ಬೆಳೆ ಸುಡುವುದಿಲ್ಲ, ನಿಂತುಬಿಡುತ್ತದೆ. ಜೋಳದ ತೆನೆ ಹಾಲು ಕಟ್ಟದೆ ಹಾಗೇ ನಿಂತಿತು. ಮನೆಗಳಲ್ಲಿದ್ದ ಕಾಳನ್ನು ಜನ ಹಂಚಿಕೊಂಡು ತಿಂದರು. ಕಳೆದ ಹುಣ್ಣಿಮೆಯ ಪಾಳಿ ನನ್ನ ತಂಗಿ ದುಂಡವ್ವನ ಮನೆಗೆ ಬಂತು. ಅವಳ ಗಂಡ ಗಾಳಿ ಕುಡಿದು ತೀರಿಕೊಂಡಿದ್ದ. ತೊಡೆಯ ಮೇಲೆ ಎಳೆಗೂಸು, ಎದೆಯಲ್ಲಿ ಹಾಲಿರಲಿಲ್ಲ. ಮನೆಯಲ್ಲಿದ್ದ ಜೋಳವನ್ನೆಲ್ಲ ನುಚ್ಚು ಒಡೆದರೆ ಒಂದು ಡಬರಿ ತುಂಬುತ್ತಿತ್ತು. ಅದನ್ನು ಅವಳು ಉಂಡರೆ ಕೂಸಿಗೆ ಹಾಲು ಬರುತ್ತಿತ್ತು.

ಊರು ಕಟ್ಟೆಯ ಮೇಲೆ ಸೇರಿತು. ನೀರು ಅಳೆಯುವ ಮಾನಿಂಗಪ್ಪ ಮೊದಲು ಬಾಯಿಬಿಟ್ಟ.

“ಸತ್ತು ಮಣ್ಣಾದಾವ್ರಿಗೆ ಉಣ್ಣಾಕ ಹಾಕಿ, ಕೂಸಿನ್ನ ಉಪಾಸ ಕೆಡವೂದು ಎಲ್ಲೀ ಧರ್ಮ ಇದು?”

“ಸತ್ತಾವ್ರು ಬೆಲ್ಲಾ ಕಳಸ್ತಾರೇನೋ ಖೋಡಿ?” ಎಂದಳು ಸಂಕವ್ವ, ಊರಿನಲ್ಲೇ ಹಿರಿಯಳು. “ಅವತ್ತು ಎಲ್ಲಾರಕಿಂತ ಮೊದ್ಲ ನಾಲಿಗಿ ಚಾಚಿದಾಂವ ನೀನ. ಕಲ್ಲೂ ಬಿಡಲಿಲ್ಲ, ನೆಕ್ಕಿದಿ.”

ಹಸಿದವರು ನಕ್ಕರು. ನಗು ಬೇಗ ಮುಗಿಯಿತು.

“ಒಂದ ಪಾಳಿ ಬಿಟ್ರ ಏನಾಗ್ತೈತಿ ಯವ್ವಾ?” ಮಾನಿಂಗಪ್ಪನ ದನಿ ತಗ್ಗಿತು. “ಅವ್ರೂ ಒಂದಿನ ತಡೀಲಿ.”

“ತಡೀತಾರೋ ಇಲ್ಲೋ ಯಾರಿಗ್ಗೊತ್ತು? ಪ್ರವಾಹದಾಗ ನಿಂತಾರ ಅವ್ರು.”

ಇಂಥ ಕಡೆ ನನಗೆ ಮಾತು ಹುಟ್ಟುವುದಿಲ್ಲ. ಎರಡೂ ಕಡೆಯ ನ್ಯಾಯ ಒಟ್ಟಿಗೆ ಕಾಣಿಸಿ ನಡುವೆ ನಿಂತುಬಿಡುತ್ತೇನೆ, ಬೂದಿ ಬಿದ್ದ ಬೆಳೆಯ ಹಾಗೆ. ದುಂಡವ್ವ ಕೂಸನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿ ನನ್ನ ಕಡೆ ತಿರುಗಿದಳು.

“ಅಣ್ಣಾ, ಆ ಕಡೀನೂ ಒಬ್ಬಾಕಿ ಹಿಂಗ ಕೂಸಿನ್ನ ಕಟಿಗೊಂಡು ಕುಂತಿದ್ರ? ಆಕೀನ ನಮ್ಮ ಅಜ್ಜಿ ಮುತ್ತಜ್ಜಿ ಯಾರರ ಆಗಿದ್ರ?” ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ. “ನನ್ನ ಪಾಳಿ ನಾ ಮಾಡ್ತೀನಿ. ಇನ್ನ ಯಾರೂ ಮಾತಾಡಬ್ಯಾಡ್ರಿ.”

ಮರುದಿನ ಅವಳು ನುಚ್ಚು ಬೇಯಿಸಿದಳು. ಆ ವಾಸನೆಗೆ ಜನ ಮನೆಗಳಿಂದ ಹೊರಗೆ ಬಂದು ಬೀದಿಯಲ್ಲಿ ನಿಂತರು. ಯಾರೂ ಹತ್ತಿರ ಹೋಗಲಿಲ್ಲ. ಅವಳು ಡಬರಿಯನ್ನು ಒಳಗಿಟ್ಟು, ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ಬಿಸಿಲಲ್ಲೇ ಕುಳಿತಳು. ಕೂಸು ಅಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅಳುವುದನ್ನು ನಿಲ್ಲಿಸಿತು. ಅದರಿಂದ ಇನ್ನೂ ಹೆಚ್ಚು ಭಯವಾಯಿತು.

ನೆರಳು ಹೊಸ್ತಿಲು ದಾಟಿತು. ಬಾಗಿಲು ತೆಗೆದವನು ನಾನು. ಡಬರಿ ಇಟ್ಟಲ್ಲೇ ಇತ್ತು. ಮುಚ್ಚಿದ ಎಲೆ ಮುಚ್ಚಿದ ಹಾಗೇ ಇತ್ತು. ನುಚ್ಚು ತುಂಬಿತ್ತು, ಬಾವಿಯಿಂದ ಎತ್ತಿದಂತೆ ತಣ್ಣಗಿತ್ತು. ಒಂದು ಬೆರಳಿನ ಗುರುತೂ ಮೇಲಿರಲಿಲ್ಲ. ತಳವನ್ನು ಎತ್ತಿ ನೋಡಿದೆ. ಕೆಸರಿರಲಿಲ್ಲ.

ಬಾಗಿಲಲ್ಲಿ ನಿಂತವರು ಒಬ್ಬೊಬ್ಬರಾಗಿ ಬಂದು ಡಬರಿಯನ್ನು ಬಗ್ಗಿ ನೋಡಿದರು. ಆಮೇಲೆ ಸಂಕವ್ವ, “ಕೂಸಿನ ಅಳು ಅವ್ರಿಗೆ ಕೇಳೈತಿ. ನೀವ ಉಣ್ಣ್ರಿ ಅಂತ ಬಿಟ್ಟಾರ” ಎಂದಳು. ಹಾಗೆ ಅನ್ನುವಾಗ ಅವಳು ನಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮಾನಿಂಗಪ್ಪ ಡಬರಿಯ ತಳವನ್ನು ತಾನೂ ಮುಟ್ಟಿ ನೋಡಿದ. “ಉಣ್ಣಾಕ ಆ ಕಡೆ ಯಾರೂ ಉಳದಿಲ್ಲ ಅಂದ್ರ?” ಎಂದು ಕೇಳಿ, “ಹಂಗಿದ್ರ ನಾವು ಯಾರ ಮಕ್ಕಳರೀ?” ಎಂದ.

ಪದ್ಧತಿ ಹೇಳುವುದು ಪಾತ್ರೆಯನ್ನು ಖಾಲಿ ಮರಳಿಸಬಾರದೆಂದಷ್ಟೇ. ಪಾತ್ರೆ ಖಾಲಿ ಬಂದಿರಲಿಲ್ಲ.

ನಾವು ಉಂಡೆವು. ಮೊದಲು ದುಂಡವ್ವ, ಆಮೇಲೆ ಮಕ್ಕಳು, ಕೊನೆಗೆ ನಾವು ಒಂದೊಂದು ತುತ್ತು. ಮರುದಿನ ಅವಳ ಎದೆಯಲ್ಲಿ ಹಾಲು ಇಳಿಯಿತು. ಆ ವಾರವೇ ಗಾಳಿಯೂ ನಿಂತು, ಹಿತ್ತಲಿನ ಜೋಳ ಹಾಲು ಕಟ್ಟಿತು. ಕೂಸು ಈಗ ದುಂಡಗಾಗಿದೆ, ಕೈ ಹಿಡಿದರೆ ಬಿಡುವುದಿಲ್ಲ. ಇದು ಸಂತೋಷದ ಸುದ್ದಿ, ಹಾಗೆಂದೇ ಬರೆಯಬೇಕೆಂದಿದ್ದೆ.

ಆದರೆ ನಮ್ಮಲ್ಲಿ ಎಳೆಗೂಸನ್ನು ನೋಡಲು ಬಂದವರು ಮೊದಲು ಹೇಳುವ ಮಾತೊಂದಿದೆ. ಅಪ್ಪನ ಮೂಗು ಬಂದಿದೆ, ಅಜ್ಜಿಯ ಗದ್ದ ಬಂದಿದೆ ಎನ್ನುತ್ತಾರೆ. ಹುಟ್ಟಿದ ದಿನ ಈ ಕೂಸಿನ ಬಗ್ಗೆ ಎಲ್ಲರೂ ಹಾಗೆ ಅಂದಿದ್ದರು. ಈಗ ಬರುತ್ತಾರೆ, ಬಾಗಿ ನೋಡುತ್ತಾರೆ, ಕೆನ್ನೆ ಮುಟ್ಟುತ್ತಾರೆ, ಮಾತು ಹೊರಡದೆ ಎದ್ದು ಹೋಗುತ್ತಾರೆ. ಮೊನ್ನೆ ನಾನೂ ನೋಡಿದೆ. ಮುದ್ದಾದ ಮುಖ. ಯಾರ ಹಾಗೂ ಇಲ್ಲ. ಮನೆಗೆ ಬಂದು ನೀರಿನ ಹಂಡೆಯಲ್ಲಿ ಇಣುಕಿ ನನ್ನ ಮುಖವನ್ನು ನೋಡಿಕೊಂಡೆ. ಅಪ್ಪನದೆಂದು ಐವತ್ತು ವರ್ಷ ನಂಬಿದ್ದ ಹಣೆ ಅದು. ಅಪ್ಪನ ಹಣೆ ಹೇಗಿತ್ತೆಂದು ನೆನಪಾಗಲಿಲ್ಲ. ತಂಗಿಯನ್ನು ಕೇಳಿದೆ. ಅವಳು ತನ್ನ ಹಣೆಯನ್ನು ಮುಟ್ಟಿ ನೋಡಿಕೊಂಡು, ಕೂಸಿನ ಕಡೆ ತಿರುಗಿ ಕುಳಿತಳು.

ಕೊಡುವವನು ಮೇಲಿರುತ್ತಾನೆ, ಪಡೆಯುವವನು ಕೆಳಗಿರುತ್ತಾನೆ ಎಂದು ನಿಮ್ಮ ಗೋಡೆ ಹೇಳುವಂತಿದೆ. ನಮಗೂ ಒಳಗೊಳಗೇ ಹಾಗೆ ಅನಿಸುತ್ತಿತ್ತೇನೋ, ನಿಮ್ಮನ್ನು ಸಾಕುತ್ತಿದ್ದೇವೆಂದು. ಈಗ ಹಾಗೆ ಹೇಳುವ ಧೈರ್ಯ ಯಾರಿಗೂ ಇಲ್ಲ.

ನಾಳಿನ ಪಾಳಿ ನನ್ನದು. ನಮಗಾಗಿ ನೀವು ಬಿಟ್ಟದ್ದಾಗಿದ್ದರೆ, ಆ ಋಣ ನಮ್ಮ ಮೇಲಿದೆ, ಇನ್ನು ಬಿಡಬೇಡಿ. ನಮ್ಮ ಬಳಿ ಈಗ ಸಾಕಷ್ಟಿದೆ. ದುಂಡವ್ವ ನುಚ್ಚನ್ನು ಎಂದಿಗಿಂತ ಮೆತ್ತಗೆ ಬೇಯಿಸೆಂದಿದ್ದಾಳೆ, ಆ ಕಡೆ ಹಲ್ಲು ಬಾರದವರು ಇರಬಹುದೆಂದು. ಉಪ್ಪು, ಬೆಲ್ಲ, ಏನೂ ಬೇಡ. ತೊಳೆಯುವುದೂ ಬೇಡ. ಹಸಿವಿಲ್ಲದಿದ್ದರೂ ಸರಿ, ನೀವಿದ್ದೀರೆಂದು ನಮಗೆ ತಿಳಿಯಲು ಎಲೆ ಸರಿಸಿ ಒಂದು ತುತ್ತು ತಿನ್ನಿ.

ಬಾಗಿಲ ಹೊರಗೆ ಕೂಸನ್ನು ಎತ್ತಿಕೊಂಡು ಕುಳಿತಿರುತ್ತೇವೆ.

ನಿಮ್ಮವನೇ ಎಂದುಕೊಂಡಿರುವ,
ಬಾಳಪ್ಪ