ನಾನೂರ ಹದಿನೇಳನೇ ನಂಬರಿನ ಮನೆ

ಇಸವಿ ಎರಡು ಸಾವಿರದ ಇನ್ನೂರ ಹದಿನಾಲ್ಕು
ಎರಡನೇ ಮೇ ತಿಂಗಳು, ತಾರೀಖು ಮೂವತ್ಮೂರು
ಪೊಲೀಸ್ ಲೈನ್, ಕೃಷ್ಣೆಯ ದಕ್ಷಿಣ ದಂಡೆ

ನಮ್ಮ ಮನೆತನದ ಮೊದಲ ಪೊಲೀಸ್ ಕಾನ್‌ಸ್ಟೆಬಲ್ ಹಂಪಮ್ಮನವರಿಗೆ, ನಿಮ್ಮಿಂದ ಏಳನೇ ತಲೆಯವಳಾದ ಅಮರಮ್ಮ ಮಾಡುವ ನಮಸ್ಕಾರ.

ನಿನ್ನೆ ಮಧ್ಯಾಹ್ನ ಕೆಟ್ಟ ಕನಸು ಬಿತ್ತು. ಪರೇಡ್ ಮೈದಾನದಲ್ಲಿ ಹಾಜರಿ ಕೂಗುತ್ತಿದ್ದರು. ‘ನಾನೂರ ಹದಿನೇಳು’ ಎಂದಾಗ ನಾನು ಬಾಯಿ ತೆರೆದೆ, ಧ್ವನಿ ಹೊರಡಲಿಲ್ಲ. ನನ್ನ ಪಕ್ಕದಿಂದ ಒಂದು ಖಾಲಿ ಯೂನಿಫಾರ್ಮ್ ಮುಂದೆ ಬಂತು. ತಲೆಯಿಲ್ಲ, ಕೈಯಿಲ್ಲ, ಬೆಲ್ಟು ಮಾತ್ರ ಬಿಗಿಯಾಗಿತ್ತು. ಅದರೊಳಗಿಂದ ನನ್ನ ಮಗಳು ಹುಲಿಗೆಮ್ಮ ಮೂರು ವರ್ಷದವಳಿದ್ದಾಗಿನ ಧ್ವನಿಯಲ್ಲಿ ‘ಹಾಜರ್ ಸಾರ್’ ಅಂದಳು. ಎದ್ದು ನೋಡಿದರೆ ಅವಳು ಅಲ್ಲೇ ಕೂತು ನನ್ನ ಬೂಟಿಗೆ ಪಾಲಿಶ್ ಹಾಕುತ್ತಿದ್ದಳು. ಅದಕ್ಕೇ ಈ ಕಾಗದ.

ತಾರೀಖು ನೋಡಿ ನಗಬೇಡಿ. ಬಿಸಿಲು ಭತ್ಯೆ ಮೇ ತಿಂಗಳಿಗೆ ಮಾತ್ರ ಎಂದು ಹಳೆಯ ಆದೇಶವಿತ್ತು. ಬಿಸಿಲುಗಾಲ ಬೆಳೆದು ಐದು ತಿಂಗಳ ಉದ್ದವಾಯಿತು, ಆದೇಶ ಮಾತ್ರ ಅಲ್ಲಾಡಲಿಲ್ಲ. ಪೊಲೀಸ್ ಸಂಘದವರು ಹೊಡೆದಾಡಿ ಕೊನೆಗೆ ಮೇ ಮುಗಿದ ಮೇಲೆ ಎರಡನೇ ಮೇ ತಂದರು. ಅದಕ್ಕೆ ನಲವತ್ತು ದಿನ. ನನ್ನ ಬರಹದಲ್ಲೂ ತಪ್ಪುಗಳಿರುತ್ತವೆ, ಹೊಟ್ಟೆಗೆ ಹಾಕಿಕೊಳ್ಳಬೇಕು. ನಾನು ಐದನೇ ತರಗತಿಯಲ್ಲಿದ್ದಾಗ ನಮ್ಮ ಶಾಲೆಯನ್ನು ಬಂದೋಬಸ್ತಿನವರು ಇಳಿದುಕೊಳ್ಳಲೆಂದು ತೆಗೆದುಕೊಂಡರು. ಒಂದು ವಾರಕ್ಕೆ ಅಂದಿದ್ದರು. ಬೆಂಚು ವಾಪಸ್ ಬರುವಷ್ಟರಲ್ಲಿ ನನ್ನ ಮೈಮೇಲೆ ಖಾಕಿ ಬಂದಿತ್ತು.

ಈ ಕಾಗದ ನಿಮಗೆ ಮುಟ್ಟುವುದು ಹಿಂದಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ. ನಿವೃತ್ತಿಯ ಸೌಲಭ್ಯಗಳಲ್ಲಿ ಇದೂ ಒಂದು. ಕಾನ್‌ಸ್ಟೆಬಲ್‌ಗೆ ಒಂದೇ ಕಾಗದ, ರಕ್ತ ಸಂಬಂಧಿಗೆ ಮಾತ್ರ, ಉತ್ತರ ತರಿಸಿಕೊಳ್ಳುವಂತಿಲ್ಲ. ಉತ್ತರ ಸಿಗುವುದು ಇನ್ಸ್‌ಪೆಕ್ಟರ್‌ನಿಂದ ಮೇಲಕ್ಕೆ. ಎಸ್ಪಿ ಸಾಹೇಬರಿಗೆ ಎಷ್ಟು ಬೇಕೋ ಅಷ್ಟು. ಹಿಂದಿದ್ದ ಸಾಹೇಬರು ತಮ್ಮ ಮುತ್ತಜ್ಜನ ಹತ್ತಿರ ಉಪ್ಪಿನಕಾಯಿ ಮಾಡುವುದು ಹೇಗೆಂದು ಕೇಳಿ ಮೂರು ಕಾಗದ ಬರೆದರಂತೆ. ನನಗೆ ಇರುವುದು ಇದೊಂದೇ ಹಾಳೆ. ಇಲ್ಲಿ ಎಷ್ಟು ಹೊಡೆದು ಹಾಕಿದ್ದೇನೆ ನೋಡಿ.

ನಮ್ಮ ಕಾಲದಲ್ಲಿ ಸಂಬಳಕ್ಕಿಂತ ದೊಡ್ಡದು ತಂಪು. ಮನೆಯೊಳಗೆ ತಣ್ಣನೆ ಗಾಳಿ ಬಿಡುವ ಹೊತ್ತಿಗೆ ತಂಪು ಅನ್ನುತ್ತೇವೆ. ಕಾನ್‌ಸ್ಟೆಬಲ್ ಮನೆಗೆ ದಿನಕ್ಕೆ ಆರು ಗಂಟೆ, ಹೆಡ್ ಕಾನ್‌ಸ್ಟೆಬಲ್‌ಗೆ ಎಂಟು, ಅದೂ ಇಡೀ ಕುಟುಂಬಕ್ಕೆ. ಎಎಸ್ಐ, ಪಿಎಸ್ಐ ಆದರೆ ದಿನವಿಡೀ ತಂಪು, ಆದರೆ ಸ್ಟೇಷನ್ ಮೇಲಿನ ಒಂಟಿ ಕೋಣೆಯಲ್ಲಿ, ಒಬ್ಬರಿಗೆ. ಕುಟುಂಬದ ಮನೆ ಮತ್ತೆ ಸಿಗುವುದು ಇನ್ಸ್‌ಪೆಕ್ಟರ್ ಆದ ಮೇಲೆ. ಎಸ್ಪಿ ಬಂಗಲೆಯಲ್ಲಿ ಬೇವಿನ ಮರವಿದೆ, ಅದರ ನೆರಳೂ ಸೌಲಭ್ಯದ ಪಟ್ಟಿಯಲ್ಲಿದೆ. ಸಂಜೆಗೆ ಆ ನೆರಳು ಗೋಡೆ ದಾಟಿ ರಸ್ತೆಗೆ ಬೀಳುತ್ತದೆ. ಅಲ್ಲಿ ಡ್ಯೂಟಿಯವರು ನಿಲ್ಲಬಹುದೇ ಎಂದು ಒಂದು ವರ್ಷ ಕಡತ ಓಡಾಡಿತು. ನಿಲ್ಲಬಹುದು, ಒರಗಬಾರದು ಎಂದು ತೀರ್ಮಾನವಾಯಿತು.

ನಮ್ಮ ಮನೆಯ ಗಂಟು ಇಲ್ಲೇ ಇದೆ. ನಿಮ್ಮ ಭುಜದ ಮೇಲಿರುವ ನಾನೂರ ಹದಿನೇಳು ಎಂಬ ನಂಬರು ಇವತ್ತು ನನ್ನ ಭುಜದ ಮೇಲಿದೆ. ಈ ಮನೆ ಆ ನಂಬರಿಗೆ ಕೊಟ್ಟದ್ದು. ಹೆಡ್ ಕಾನ್‌ಸ್ಟೆಬಲ್ ಆಗಲು ಒಪ್ಪಿದವರು ಮುಂದಿನ ಬಡ್ತಿ ಬೇಡ ಅನ್ನುವಂತಿಲ್ಲ, ಎಎಸ್ಐ ಆದರೆ ನಂಬರು ಹೋಗುತ್ತದೆ, ನಂಬರಿನ ಜೊತೆ ಮನೆ. ಆದ್ದರಿಂದ ನಮ್ಮಲ್ಲಿ ಯಾರೂ ಬಡ್ತಿ ತೆಗೆದುಕೊಂಡಿಲ್ಲ. ನಮ್ಮವ್ವ ಬಡ್ತಿ ಬೇಡವೆಂದು ಹನ್ನೊಂದು ಅರ್ಜಿ ಬರೆದಳು, ಮೊಣಕಾಲು ನೋವು ಅಂತ. ನಾನು ಹದಿನಾಲ್ಕು ಬರೆದೆ, ಓದಲು ಸರಿಯಾಗಿ ಬರುವುದಿಲ್ಲ ಅಂತ. ಒಂದು ಸಲ ಇನ್ಸ್‌ಪೆಕ್ಟರ್ ಸಾಹೇಬರು ಎಲ್ಲರ ಮುಂದೆ, ‘ಏನ್ ಅಮರಮ್ಮ, ನಕ್ಷತ್ರ ಏನ್ ಭುಜಕ್ಕ ಚುಚ್ತಾವೇನು?’ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಈಗ ನಾನು ನಲವತ್ತನೇ ತಾರೀಖಿಗೆ ನಿವೃತ್ತಿ. ಅವತ್ತೇ ಬೆಳಿಗ್ಗೆ ಹತ್ತಕ್ಕೆ ಮನೆಯವರೊಬ್ಬರು ಸಹಿ ಹಾಕಿ, ಕಾನ್‌ಸ್ಟೆಬಲ್ ಆಗಿ ನಂಬರು ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಮನೆ ಖಾಲಿ. ಮಕ್ಕಳೆಂದು ನನಗಿರುವುದು ಹುಲಿಗೆಮ್ಮ, ನಮ್ಮ ಹುಲಿಗಿ, ಒಬ್ಬಳೇ. ಹುಲಿಗಿ ಪಿಎಸ್ಐ ಪರೀಕ್ಷೆ ಪಾಸಾಗಿದ್ದಾಳೆ. ಎಂಟು ತಲೆಯಲ್ಲಿ ಮೊದಲನೆಯವಳು. ಹೇಳದೆ ಕೇಳದೆ ಕಟ್ಟಿದ್ದಳು, ನೇಮಕದ ಆದೇಶ ಬಂದ ಮೇಲೆ ನನಗೆ ಗೊತ್ತಾಯಿತು. ಆದರೆ ಪಿಎಸ್ಐಗೆ ನಂಬರಿಲ್ಲ. ನನ್ನ ಗಂಡ ಯಂಕೋಬನಿಗೆ ಧೂಳಿನ ಉಬ್ಬಸ. ಈ ಆರು ಗಂಟೆಯ ತಂಪು ಬಿಟ್ಟು ಹೊರಗೆ ಇಟ್ಟರೆ ಮೊದಲನೇ ಮೇ ಮತ್ತೆ ಬರುವವರೆಗೆ ಆತ ಉಳಿಯುವುದಿಲ್ಲ ಎಂದು ಲೈನಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ.

ಹುಲಿಗಿ ಆ ಆದೇಶವನ್ನು ಅಕ್ಕಿ ಡಬ್ಬಿಯ ಕೆಳಗೆ ಇಟ್ಟಿದ್ದಾಳೆ. ‘ಯವ್ವಾ, ನೀ ಸುಮ್ನಿರು. ನಂಬರ್ ನಾನೇ ಹಾಕ್ಕೊಂತೀನಿ. ಬೂಟ್ ಹೆಂಗೂ ನಿಂದು ನಂಗ ಆಗ್ತಾವು’ ಅನ್ನುತ್ತಾಳೆ. ಯಂಕೋಬ ಮಲಗಿದಲ್ಲಿಂದಲೇ, ‘ನನ್ ಸಲುವಾಗಿ ಹುಡುಗೀನ್ನ ಕಟ್ಟಿ ಹಾಕ್ಬ್ಯಾಡ. ನಾನೇನ್ ಎಸ್ಪಿ ಸಾಹೇಬನ ಬೇವಿನ ಮರ ಏನು, ಪಟ್ಟೀಲಿ ಬರ್ಕೊಂಡು ಕಾಯಾಕ?’ ಎಂದು ಕೆಮ್ಮುತ್ತಾನೆ. ಅವಳನ್ನು ಕಳಿಸಿದರೆ ಇವನು ಹೋಗುತ್ತಾನೆ, ಇವನನ್ನು ಉಳಿಸಿಕೊಂಡರೆ ಅವಳು ಮೂವತ್ತೈದು ವರ್ಷ ಇದೇ ಲೈನಿನಲ್ಲಿ ನಿಂತು, ಆಮೇಲೆ ಅವಳ ಮಗಳಿಗೆ ಬೂಟು ಕೊಡುತ್ತಾಳೆ. ನಾನು ಈ ಕಡೆ ತಿರುಗಿದರೂ ಗೋಡೆ, ಆ ಕಡೆ ತಿರುಗಿದರೂ ಗೋಡೆ.

ಹೋದ ವಾರ ದಾಖಲೆ ಕೋಣೆಯ ಗುಮಾಸ್ತ ಖಾಜಾಹುಸೇನ್ ನಮ್ಮ ಸೇವಾ ಪುಸ್ತಕ ತೆಗೆದು ತೋರಿಸಿದ. ಮೊದಲ ಪುಟದಲ್ಲಿ ನೀವು ತುಂಬಿದ ಹಳದಿ ಫಾರಂ ಅಂಟಿಸಿದ್ದಾರೆ. ಅದರ ಏಳನೇ ಕಾಲಂ: ‘ಮನೆಯ ಹಕ್ಕು ಯಾರಿಗೆ?’ ಪಕ್ಕದಲ್ಲಿ ಎರಡು ಚೌಕ. ಒಂದು ‘ನಂಬರಿಗೆ’. ಇನ್ನೊಂದು ‘ಕುಟುಂಬಕ್ಕೆ, ಅವರಲ್ಲಿ ಒಬ್ಬರು ಇಲಾಖೆಯ ಯಾವ ಹುದ್ದೆಯಲ್ಲಿದ್ದರೂ’. ನೀವು ಅದನ್ನು ಬಂದೋಬಸ್ತಿನಲ್ಲಿ ಬೈಕಿನ ಸೀಟಿನ ಮೇಲೆ ಇಟ್ಟು ತುಂಬಿದಿರಂತೆ, ಮಡಿಸಿ ಟೋಪಿಯೊಳಗೆ ಇಟ್ಟುಕೊಂಡು ಮರುದಿನ ಕೊಟ್ಟಿರಂತೆ. ಮಡಿಕೆ ಸರಿಯಾಗಿ ಎರಡು ಚೌಕದ ನಡುವೆ ಬಿದ್ದಿದೆ. ಬೆವರಿಗೆ ಶಾಯಿ ಹರಡಿ, ನಿಮ್ಮ ಗುರುತು ಎರಡೂ ಕಡೆ ಇದೆ. ಖಾಜಾಹುಸೇನ್ ಬೆಳಕಿಗೆ ಹಿಡಿದು ನೋಡಿದ. ‘ಮಡಿಕಿ ಮ್ಯಾಲೇ ಬಿದ್ದೈತಿ ಅಮರಮ್ಮಾ. ನಮ್ಮಜ್ಜನ ಕಾಲದಿಂದ ನಂಬರಿಗೆ ಅಂತ ಓದ್ತಾ ಬಂದೀವಿ. ಹಂಗ ಯಾಕ ಅಂತ ಯಾರೂ ಕೇಳಿಲ್ಲ’ ಎಂದ.

ಮನುಷ್ಯರು ಸಾಯುತ್ತಾರೆ, ನಂಬರು ಸಾಯುವುದಿಲ್ಲ ಎಂದು ನೀವು ಹೇಳುತ್ತಿದ್ದಿರಿ ಎಂಬ ಮಾತು ನಮ್ಮ ಮನೆಯಲ್ಲಿ ಉಳಿದಿದೆ. ಹಾಗಿದ್ದರೆ ನೀವು ಬೇಕೆಂದೇ ನಂಬರಿಗೆ ಹಾಕಿರಬಹುದು, ನಮ್ಮ ಒಳ್ಳೆಯದಕ್ಕೇ. ನಾನು ಬೈಯುವುದಿಲ್ಲ. ಆದರೆ ನಿಮ್ಮ ಪೆನ್ನು ಕುಟುಂಬದ ಕಡೆ ಹೋಗಿದ್ದರೆ? ನಮ್ಮವ್ವನ ಹನ್ನೊಂದು ಅರ್ಜಿ, ನನ್ನ ಹದಿನಾಲ್ಕು ಯಾರಿಗಾಗಿ ಬರೆದದ್ದು? ಯಾವುದಕ್ಕೆ ಹೆಚ್ಚು ಹೆದರಬೇಕು ಎಂದೇ ತಿಳಿಯುತ್ತಿಲ್ಲ. ಆದರೂ ಹುಲಿಗಿಯ ಸಲುವಾಗಿ ಕೇಳುತ್ತಿದ್ದೇನೆ.

ಈ ಕಾಗದ ಮುಟ್ಟುವ ವಾರದಲ್ಲೇ ಹಳದಿ ಫಾರಂ ನಿಮ್ಮ ಕೈಗೆ ಬರುತ್ತದೆ ಎಂದು ಅಂಚೆಯವರು ಹೇಳಿದ್ದಾರೆ. ಅವತ್ತು ಬಿಸಿಲಲ್ಲಿ ನಿಂತಿರುತ್ತೀರಿ, ಕಾಲು ನೋಯುತ್ತಿರುತ್ತದೆ, ಯಾರೋ ಬೇಗ ಬೇಗ ಎನ್ನುತ್ತಿರುತ್ತಾರೆ. ಒಂದು ಗಳಿಗೆ ತಡೆಯಿರಿ. ನೀವು ಉತ್ತರ ಕಳಿಸಲು ಬರುವುದಿಲ್ಲ, ಆದರೆ ಆ ಫಾರಂ ನನ್ನ ಕಾಲಕ್ಕೂ ಬರುತ್ತದೆ. ನಲವತ್ತನೇ ತಾರೀಖು ಹತ್ತು ಗಂಟೆಗೆ ಹುಲಿಗಿ ಪೆನ್ನು ಹಿಡಿಯುವ ಮೊದಲು ನಾನು ಪುಸ್ತಕ ತೆರೆಸುತ್ತೇನೆ. ಆದೇಶವನ್ನು ಅಕ್ಕಿ ಡಬ್ಬಿಯ ಕೆಳಗಿಂದ ತೆಗೆದು ನನ್ನ ಜೇಬಿನಲ್ಲಿ ಇಟ್ಟುಕೊಂಡಿರುತ್ತೇನೆ.

ಕೊಡುವ ಮುಂಚೆ ಏಳನೇ ಕಾಲಂ ಇನ್ನೊಮ್ಮೆ ನೋಡಿ, ಅವ್ವಾ. ಗುರುತು ಯಾವ ಚೌಕದಲ್ಲಿದೆ ಎಂದು ನೋಡಿ, ಅದನ್ನೇ ಪಕ್ಕದಲ್ಲಿ ಅಕ್ಷರದಲ್ಲೂ ಬರೆಯಿರಿ, ಮಡಿಕೆ ಬೀಳದ ಕಡೆ.